ಲತಾಳಿಗೆ ನಾನು ಆರಿಸಿದ ದ್ವೀಪ

ಹೋದ ವಾರ ನಮ್ಮ ಯಜಮಾನರು ಕಿವಿನೋವು ಎಂದರು. ನನ್ನ ಕೈ ತನ್ನಷ್ಟಕ್ಕೆ ತಾನೇ ಸಣ್ಣ ಬಾಣಲೆಯನ್ನು ಒಲೆಯ ಮೇಲಿಟ್ಟಿತು, ಎರಡು ಚಮಚ ಕೊಬ್ಬರಿ ಎಣ್ಣೆ ಬಿಟ್ಟಿತು, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿತು. ನಮ್ಮ ಅಡುಗೆಗೆ ಬೆಳ್ಳುಳ್ಳಿ ಇಲ್ಲ, ಔಷಧಕ್ಕೆಂದು ಒಂದು ಗಡ್ಡೆ ಮಾತ್ರ ಯಾವಾಗಲೂ ಇರುತ್ತದೆ. ಎಸಳು ಕೆಂಪಗಾಗಿ ವಾಸನೆ ಎದ್ದಿದ್ದೇ ತಡ, ಒಲೆ ಆರಿಸಿದೆ. ಎಣ್ಣೆಯನ್ನು ಪೇಪರ್ ಟವೆಲಿನಲ್ಲಿ ಹೀರಿಸಿ ಕಸದ ಬುಟ್ಟಿಗೆ ಹಾಕಿದೆ.

"ಯಾಕೇ, ಏನಾಯ್ತು?"

"ಡಾಕ್ಟರ ಹತ್ರ ಹೋಗೋಣ, ನಡೀರಿ."

ಅವರು ಮತ್ತೆ ಕೇಳಲಿಲ್ಲ. ಅವರ ಹುಬ್ಬಿನ ಮೇಲಿರುವ ಹೊಲಿಗೆಯ ಗೆರೆಯೂ ಆ ಚಳಿಗಾಲದ್ದೇ.

ಮೂರು ವರ್ಷದ ಹಿಂದಿನ ಚಳಿಗಾಲ ಅದು. ಸಮುದ್ರದ ಕಡೆಯಿಂದ ಒಂದರ ಬೆನ್ನಿಗೊಂದು ಬಿರುಗಾಳಿ ಬಂದವು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನಮ್ಮ ಸನ್ನಿವೇಲಿನ ಬೀದಿಯಲ್ಲೇ ಎರಡು ನೀಲಗಿರಿ ಮರ ಬುಡಸಮೇತ ಬಿದ್ದವು. ಒಂದು, ಎದುರುಮನೆಯವರ ಹೊಸ ಕಾರನ್ನು ಚಪ್ಪಟೆ ಮಾಡಿತು. ನಮ್ಮ ಬೇಲಿ ಹಾರಿಹೋಗಿ ಪಕ್ಕದವರ ತುಳಸಿಕಟ್ಟೆಗೆ ಆತುಕೊಂಡು ನಿಂತಿತ್ತು. ಹೇಳದೆ ಕೇಳದೆ ಕರೆಂಟು ಹೋಗುತ್ತಿತ್ತು. ನಾನು ಅರ್ಧ ದಿನ ಕೆಲಸ ಮಾಡುವ ಡೇಕೇರಿನಲ್ಲಿ ಗಾಳಿ ಕಿರುಚಿದಾಗೆಲ್ಲ ಮಕ್ಕಳು ಒಟ್ಟಿಗೆ ಅಳುತ್ತಿದ್ದವು. ಅಂಥ ದಿನಗಳಲ್ಲಿ ನಾನು ಊಟದ ಮೇಜಿನ ಮುಂದೆ ಕೂತು, ಬಿಸಿಲು ಬಿದ್ದ ನೀಲಿ ಸಮುದ್ರದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ.

ಅದು ನನ್ನ ತಮ್ಮ ಮಧು ಒಪ್ಪಿಸಿದ ಕೆಲಸ. ಅವನಿಗೂ ಲತಾಳಿಗೂ ಮದುವೆಯಾಗಿ ಹತ್ತು ವರ್ಷ ತುಂಬುವುದಿತ್ತು. ಲತಾ ಮಲ್ಪೆಯ ಕಡೆಯವಳು, ಅಕ್ಷರ ಕಲಿಯುವ ಮೊದಲೇ ಈಜು ಕಲಿತವಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ದಿನವಿಡೀ ಕೈಗವಸು ಹಾಕಿಕೊಂಡು ನಿಲ್ಲುತ್ತಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯಬೇಕೆಂಬುದು ಅವಳ ಒಂದೇ ಆಸೆ. ಕ್ಯಾರಿಬಿಯನ್ನಿನ ಯಾವುದಾದರೂ ಸಣ್ಣ ದ್ವೀಪಕ್ಕೆ ಹೋಗೋಣವೆಂದು ಅವಳೇ ಹೇಳಿದ್ದು. ಮಧು ಹೂಂ ಅಂದ.

ಅವನು ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ನಮ್ಮ ಮನೆಗೆ ಬಂದರೆ ಅಕ್ಕಿ ಮೂಟೆ ಇಳಿಸಿಕೊಡುವವನು, ಎಲ್ಲರನ್ನೂ ನಗಿಸುವವನು. ಫೋನು ಮಾಡಿ ಹೇಳಿದ: "ಅಕ್ಕ, ಜಾಗ ಹುಡುಕೋದು ನಿಂದು. ನೀನು ಹುಡುಕಿದ್ರೆ ಕಣ್ಮುಚ್ಕೊಂಡು ಹೋಗಬಹುದು. ಒಂದೇ ಕಂಡೀಷನ್ನು. ಗಲಾಟೆ ಇರಬಾರದು. ಪಕ್ಕದ ರೂಮಲ್ಲಿ ಕೆಮ್ಮಿದ್ರೂ ಕೇಳಿಸಬಾರದು."

ನಮ್ಮ ಬಳಗದಲ್ಲಿ ಯಾರು ಎಲ್ಲಿಗೆ ಹೋಗುವುದಿದ್ದರೂ ಜಾಗ ಹುಡುಕುವವಳು ನಾನೇ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಅಡುಗೆಮನೆ ಇದೆಯೆ, ಅನ್ನ ಮಾಡಬಹುದೆ, ದೋಣಿಗೆ ಏಣಿ ಇದೆಯೆ, ಹೊಸಬರಿಗೆ ಕಲಿಸುವವರು ಇದ್ದಾರೆಯೆ ಎಂದು ಒಂದೊಂದಾಗಿ ಬರೆಯುತ್ತಿದ್ದೆ. ಒಂದು ರೆಸಾರ್ಟಿನಲ್ಲಿ ಸಂಜೆಯೆಲ್ಲ ಹಾಡು, ಕುಣಿತ. ಹೊಡೆದುಹಾಕಿದೆ. ಇನ್ನೊಂದರಲ್ಲಿ ಒಂದೇ ದೋಣಿಗೆ ನಲವತ್ತು ಜನರನ್ನು ತುಂಬುತ್ತಿದ್ದರು. ಅದನ್ನೂ ಹೊಡೆದುಹಾಕಿದೆ. ಮತ್ತೊಂದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು; ಡೈವಿಂಗಿನಲ್ಲಿ ಹೆಚ್ಚುಕಡಿಮೆಯಾದರೆ ನೋಡಿಕೊಳ್ಳುವ ಆಸ್ಪತ್ರೆ ಹತ್ತೇ ನಿಮಿಷದ ದಾರಿ, ಪಕ್ಕದಲ್ಲೇ ಪೊಲೀಸ್ ಠಾಣೆ, ಪೇಟೆ. ಪೇಟೆ ಎಂದರೆ ಸದ್ದು. ಅದನ್ನೂ ಹೊಡೆದುಹಾಕಿದೆ.

ಕಡೆಗೆ ಸಿಕ್ಕಿತು. ಎಂಟೇ ಎಂಟು ಕಾಟೇಜು, ಒಂದಕ್ಕೂ ಇನ್ನೊಂದಕ್ಕೂ ನಡುವೆ ತೆಂಗಿನ ತೋಪು. ರೂಮಿನಲ್ಲಿ ಫೋನಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ವಾರಕ್ಕೆ ಎರಡು ಸಲ ದೋಣಿ, ಪೇಟೆ ಮುಟ್ಟಲು ಎರಡು ಗಂಟೆ. ಅದನ್ನು ನಡೆಸುವ ಹೆಂಗಸಿನೊಂದಿಗೆ ನಾಲ್ಕು ಸಲ ಮಾತಾಡಿದ್ದೆ. ಎಳೆದೆಳೆದು, ಹಾಡುವಂತೆ ಇಂಗ್ಲಿಷು ಆಡುತ್ತಿದ್ದರು. "ಎಲ್ಲರೂ ಮೀನಿನ ಬಗ್ಗೆ ಕೇಳುತ್ತಾರೆ, ನೀವೊಬ್ಬರೇ ಅಕ್ಕಿಯ ಬಗ್ಗೆ ಕೇಳುವುದು" ಎಂದು ನಗುತ್ತಿದ್ದರು. ನಮ್ಮವರು ಮೀನು ನೋಡುತ್ತಾರೆ, ತಿನ್ನುವುದಿಲ್ಲ ಎಂದೆ. ಪಕ್ಕದಲ್ಲೇ ಕೂತಿದ್ದ ಲತಾ ನನ್ನ ತೋಳು ತಿವಿದು, "ಮೀನು ಸಾರು ಸಿಗ್ತದಾ ಅಂತ ಮೆಲ್ಲ ಕೇಳಿ ಅಕ್ಕ. ನಿಮ್ಮ ತಮ್ಮನಿಗೆ ಹೇಳ್ಲಿಕ್ಕಿಲ್ಲ, ಆಯ್ತಾ?" ಎಂದಳು. ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ 'ತುಂಬಾ ಶಾಂತ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಬಹಳ ಹೆಮ್ಮೆಪಟ್ಟಿದ್ದೆ.

ಸಂಕ್ರಾಂತಿಯ ದಿನ ಇಬ್ಬರೂ ಊಟಕ್ಕೆ ಬಂದಿದ್ದರು. ಮಧು ಯಜಮಾನರಿಗೆ ವಿವರಿಸುತ್ತಿದ್ದ: "ಮೊದಲ ದಿನಾನೇ ಮೂವತ್ತು ಮೀಟರು ಇಳಿಸ್ತಾರೆ ಭಾವ."

"ಇಲ್ಲ ಅಲ್ವಾ, ಹೊಸಬರಿಗೆ ಹನ್ನೆರಡೇ" ಎಂದಳು ಲತಾ. ಹಪ್ಪಳ ಮುರಿಯುತ್ತಿದ್ದಳು, ತಲೆ ಎತ್ತಿರಲಿಲ್ಲ.

ಅವನ ಸ್ಟೀಲ್ ತಟ್ಟೆ ಗೋಡೆಗೆ ಬಡಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ, ಹೊರಗೆ ಮರ ಬಿತ್ತು ಎಂದುಕೊಂಡೆ. ತಟ್ಟೆ ನೆಲದ ಮೇಲೆ ಗಿರಗಿರನೆ ಸುತ್ತಿ ನಿಂತಿತು. ಪೊಂಗಲ್ಲು, ಗೊಜ್ಜು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಲತಾಳ ಕೈಯಲ್ಲಿ ಹಪ್ಪಳದ ಚೂರು ಹಾಗೇ ಇತ್ತು. ನಾನೆದ್ದು ಒದ್ದೆ ಬಟ್ಟೆ ತಂದು ಒರೆಸಿದೆ. "ಹಸಿವು ತಡೆಯಲ್ಲ ಅವನು, ಚಿಕ್ಕೋನಿದ್ದಾಗಿಂದ್ಲೂ ಹಾಗೇ" ಎಂದೆ. ಅವರು ಹೋದ ಮೇಲೆ ಯಜಮಾನರು ಕೇಳಿದರು: "ಊಟ ಮಾಡ್ತಾ ಇದ್ದವನಿಗೆ ಎಂಥಾ ಹಸಿವೇ?" ಪಾತ್ರೆ ತೊಳೆಯುವ ಸದ್ದಿನಲ್ಲಿ ಅದು ನನಗೆ ಕೇಳಿಸಲಿಲ್ಲ ಎಂಬಂತೆ ಇದ್ದೆ.

ದ್ವೀಪಕ್ಕೆ ಹೋಗುವ ಮೊದಲು ಇಲ್ಲೇ ಈಜುಕೊಳದಲ್ಲಿ ಪಾಠವಾಗಬೇಕು. ಒಂದು ಶನಿವಾರ ನಾನೂ ಜೊತೆಗೆ ಹೋದೆ. ಚಕ್ಕುಲಿ ಡಬ್ಬಿ ಹಿಡಿದುಕೊಂಡು ದಂಡೆಯ ಬೆಂಚಿನಲ್ಲಿ ಕೂತೆ. ಹನ್ನೆರಡು ಅಡಿ ನೀರಿನ ತಳದಲ್ಲಿ ಕಣ್ಣಿನ ಮಾಸ್ಕು ಕಳಚಿ ಮತ್ತೆ ಹಾಕಿಕೊಳ್ಳುವುದು ಅಂದಿನ ಪಾಠ. ಮಧು ಮಾಸ್ಕು ತೆಗೆದವನೇ ಕೈಕಾಲು ಬಡಿಯುತ್ತ ಮೇಲಕ್ಕೆ ಚಿಮ್ಮಿದ. ಕೆಮ್ಮು, ಸಿಂಬಳ, ಕೆಂಪು ಕಣ್ಣು. ಇನ್ನೊಮ್ಮೆ ಪ್ರಯತ್ನಿಸಿದ, ಮತ್ತೆ ಹಾಗೇ ಆಯಿತು. ಲತಾ ಮೊದಲ ಸಲಕ್ಕೇ ಮಾಡಿದಳು. ಮಾಡಿ, ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು, ಮನೆಯ ಜಗಲಿಯಲ್ಲಿ ಕೂತ ಹಾಗೆ. ಕಲಿಸುವ ಹುಡುಗಿ ಮಧುವಿನ ಬೆನ್ನು ತಟ್ಟಿ, "ನಿಮ್ಮ ಹೆಂಡತಿಯನ್ನು ನೋಡಿ ಕಲಿಯಿರಿ" ಎಂದಳು. ಎಲ್ಲರೂ ನಕ್ಕರು. ನಾನು ಚಪ್ಪಾಳೆಯನ್ನೂ ತಟ್ಟಿದೆ. ಮಧುವೂ ನಕ್ಕ. ಅವರ ಕಾರು ಮುಂದೆ ಹೋಯಿತು, ನನ್ನದು ಹಿಂದೆ.

ಮರುದಿನ ಭಾನುವಾರ, ಮಧ್ಯಾಹ್ನ, ಮಳೆ ಅಡ್ಡಡ್ಡವಾಗಿ ಬೀಸುತ್ತಿದ್ದಾಗ ಲತಾ ಒಬ್ಬಳೇ ಬಂದಳು. ಎಡಗಿವಿಯ ಮೇಲೆ ಸ್ಕಾರ್ಫು ಒತ್ತಿ ಹಿಡಿದಿದ್ದಳು.

"ಎಂತ ಇಲ್ಲ ಅಕ್ಕ. ಕಿವಿಗೆ ನೀರು ಹೋಗಿದೆ. ಗುಂಯ್ ಅಂತದೆ."

"ಅಷ್ಟೇ ತಾನೆ? ಮಲಕ್ಕೋ ಇಲ್ಲಿ."

ಎಣ್ಣೆ ಬಿಸಿಮಾಡಿ, ಬೆರಳಿನಲ್ಲಿ ಹದ ನೋಡಿದೆ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲು ಸರಿಸಿ, ಕಿವಿಗೆ ಬಿಟ್ಟೆ. ನಮ್ಮಜ್ಜಿ ನಮಗೆಲ್ಲ ಹಾಗೇ ಬಿಡುತ್ತಿದ್ದದ್ದು.

ಆ ಕೂಗನ್ನು ನಾನು ಹೇಗೆ ಬರೆಯಲಿ? ಅವಳ ಮೈ ಬಿಲ್ಲಿನಂತೆ ಬಾಗಿ ಸೋಫಾದಿಂದ ನೆಲಕ್ಕೆ ಬಿತ್ತು. ಏಳಲು ಹೋದಳು, ಗೋಡೆ ಹಿಡಿಯಲು ಹೋಗಿ ಗಾಳಿ ಹಿಡಿದಳು, ಮತ್ತೆ ಬಿದ್ದಳು. ಕಾರ್ಪೆಟ್ಟಿನ ಮೇಲೆಲ್ಲ ವಾಂತಿ. ಕಣ್ಣುಗುಡ್ಡೆಗಳು ಒಂದೇ ಪಕ್ಕಕ್ಕೆ ಎಳೆದೆಳೆದು ಹೋಗುತ್ತಿದ್ದವು. ಕಿವಿಯಿಂದ ಹೊರಬಂದ ಎಣ್ಣೆ ಕೆಂಪಗಿತ್ತು.

ಅರ್ಜೆಂಟ್ ಕೇರಿನಲ್ಲಿ ಡಾಕ್ಟರು ಬೆಳಕು ಹಾಕಿ ನೋಡಿದರು. ಕಿವಿಯ ತಮಟೆ ಹರಿದಿದೆ ಎಂದರು. ಏನಾಯಿತೆಂದು ಕೇಳಿದಾಗ ಲತಾ ಈಜುಕೊಳದ ಒತ್ತಡ ಎಂದಳು. ಡಾಕ್ಟರು ಅವಳ ಕೆನ್ನೆಯನ್ನೇ ನೋಡುತ್ತ, "ಯಾರಾದರೂ ನಿಮಗೆ ಹೊಡೆದರೇ?" ಎಂದರು.

ಉತ್ತರ ಕೊಟ್ಟವಳು ನಾನು. "ನೋ, ನೋ. ಯಾರೂ ಹೊಡೆದಿಲ್ಲ. ಇವಳು ನನ್ನ ತಮ್ಮನ ಹೆಂಡತಿ." ಅದೇ ಸಾಕ್ಷಿ ಎನ್ನುವ ಹಾಗೆ ಹೇಳಿದೆ. ಡಾಕ್ಟರು ನನ್ನನ್ನು ಹೊರಗೆ ಕೂರಲು ಹೇಳಿದರು.

ವರ್ಷಕ್ಕೊಮ್ಮೆ ನಮ್ಮ ಡೇಕೇರಿನಲ್ಲಿ ತರಬೇತಿ ಇರುತ್ತದೆ. ಮಗುವಿನ ಮೈಮೇಲೆ ಕಲೆ ಕಂಡರೆ ಏನು ನೋಡಬೇಕು, ದೊಡ್ಡವರು ಮಗುವಿನ ಬದಲು ತಾವೇ ಉತ್ತರ ಕೊಟ್ಟರೆ ಏನೆಂದು ತಿಳಿಯಬೇಕು, ಯಾರಿಗೆ ಫೋನು ಮಾಡಬೇಕು. ಎಲ್ಲ ಬರೆದುಕೊಂಡಿದ್ದೇನೆ. ಹನ್ನೊಂದು ವರ್ಷ ಬರೆದುಕೊಂಡಿದ್ದೇನೆ.

ವಾಪಸು ಬರುವಾಗ ಲತಾ ಕಾರಿನ ಕಿಟಕಿಗೆ ತಲೆ ಆನಿಸಿಕೊಂಡು ಹೇಳಿದಳು. ಶನಿವಾರ ಪಾಠ ಮುಗಿಸಿ ಬರುವಾಗ, ಕೆಂಪು ದೀಪಕ್ಕೆ ಕಾರು ನಿಂತಾಗ, ಮಧು ಪಕ್ಕಕ್ಕೆ ತಿರುಗಿ ಅಂಗೈಯಿಂದ ಬಾರಿಸಿದ್ದ. ದೀಪ ಹಸಿರಾದಾಗ ಗಾಡಿ ಹೊರಡಿಸಿದ. "ದಾರಿಯಲ್ಲಿ ಹಾಲು ತಗೋಬೇಕಾ ಅಂತ ಕೇಳಿದ್ರು ಅಕ್ಕ. ಈ ಕಿವಿಯಲ್ಲಿ ಕೇಳ್ಲಿಲ್ಲ. ತುಟಿ ನೋಡಿ ಗೊತ್ತಾಯ್ತು." ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮುರಿಯಿತೆಂದ ಕಿರುಬೆರಳು, ಅಲರ್ಜಿ ಎಂದ ಊದಿದ ತುಟಿ, ಒಂದೊಂದನ್ನೇ ಹೇಳಿದಳು.

ಆಮೇಲೆ ನನ್ನ ಕಡೆ ನೋಡಿದಳು. "ನೀವು ಆರಿಸಿದ ಜಾಗ ಒಳ್ಳೇದುಂಟು. ಇಲ್ಲಿ ಕೂಗಿದ್ರೆ ಅಪಾರ್ಟ್‌ಮೆಂಟಿನಲ್ಲಿ ಗೋಡೆ ತಟ್ತಾರೆ. ಅಲ್ಲಿ ಯಾರಿದ್ದಾರೆ?"

ಬೈದದ್ದಲ್ಲ, ಚುಚ್ಚಿದ್ದೂ ಅಲ್ಲ. ಇದ್ದದ್ದನ್ನು ಹೇಳಿದ್ದು. ಕಾರು ಪಕ್ಕದ ಸಾಲಿಗೆ ಹೊರಳಿತು, ಹಿಂದಿನವನು ಹಾರ್ನು ಒತ್ತಿದ.

ಇಷ್ಟಾದ ಮೇಲೂ ಆ ಸಂಜೆ ನಾನು ಅವಳನ್ನು ಅವಳ ಮನೆಗೇ ಬಿಟ್ಟುಬಂದೆ. ಡಬ್ಬಿಯಲ್ಲಿ ಬಿಸಿ ಸಾರು, ಇನ್ನೊಂದರಲ್ಲಿ ಪಲ್ಯ ಹಾಕಿಕೊಟ್ಟೆ. ಮೈಸೂರಿನಲ್ಲಿ ಅಪ್ಪ ಬೆಲ್ಟು ಬಿಚ್ಚಿ ಮಧುವಿಗೆ ಹೊಡೆಯುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಅಪ್ಪ ಹೊರಗೆ ಹೋದ ಮೇಲೆ ಅವನಿಗೆ ಸಕ್ಕರೆ ಹಾಕಿದ ಹಾಲು ಒಯ್ದು ಕೊಡುತ್ತಿದ್ದೆ. ಪೆಟ್ಟು ಬಿದ್ದ ಕಡೆ ನನಗೆ ಗೊತ್ತಿದ್ದ ಕೆಲಸ ಅದೊಂದೇ.

ಎರಡು ವಾರಕ್ಕೆ ರೆಸಾರ್ಟಿನಿಂದ ಆರೋಗ್ಯದ ಫಾರ್ಮು ಬಂತು. ಬುಕ್ಕಿಂಗು ನನ್ನ ಹೆಸರಿನಲ್ಲಿದ್ದದ್ದರಿಂದ ಇಬ್ಬರದ್ದೂ ನಾನೇ ತುಂಬಬೇಕಿತ್ತು. ಕಿವಿಯ ತಮಟೆ ಎಂದಾದರೂ ಹರಿದಿತ್ತೆ ಎಂದು ಅದರಲ್ಲಿ ಒಂದು ಪ್ರಶ್ನೆ. ಅಂಥ ಕಿವಿಯಲ್ಲಿ ನೀರಿಗಿಳಿದರೆ ತಲೆಸುತ್ತು ಬಂದು ಮೇಲ್ಯಾವುದು ಕೆಳಗ್ಯಾವುದು ತಿಳಿಯುವುದಿಲ್ಲ, ಜೀವಕ್ಕೇ ಅಪಾಯ ಎಂದು ಅಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು.

ಮಧುವಿಗೆ ಫೋನು ಮಾಡಿದೆ.

"ಎಲ್ಲಕ್ಕೂ ಇಲ್ಲ ಅಂತ ಹಾಕು ಅಕ್ಕ."

"ಕಿವಿದು?"

"ಅದಕ್ಕೂ ಇಲ್ಲ. ಡಾಕ್ಟರು ಸುಮ್ನೆ ಹೆದರಿಸ್ತಾರೆ. ಅವಳೇ ಕುಣೀತಿದ್ಲಲ್ಲ, ನೋಡಿ ಕಲೀರಿ ಅಂತ ಹೇಳಿಸ್ಕೊಂಡು? ಇಳೀಲಿ."

ಆ 'ಇಳೀಲಿ' ನಮ್ಮಪ್ಪನ ಗಂಟಲು. ಫೋನಿಟ್ಟೆ. ಆಮೇಲೆ ಲ್ಯಾಬಿಗೆ ಲತಾಳಿಗೆ ಮಾಡಿದೆ. "ಕಿವಿ ಪ್ರಶ್ನೆಗೆ ಏನು ಬರೀಲಿ?"

ಯಂತ್ರಗಳ ಮೊರೆತ ಕೇಳುತ್ತಿತ್ತು. "ನಿಜ ಬರೀರಿ" ಎಂದಳು. ಮತ್ತೆ, "ಬರೆದ ಮೇಲೆ ನಾನು ಎಲ್ಲಿರ್ಬೇಕು ಅಕ್ಕ?"

"ಇಲ್ಲಿ. ಸೀದಾ ಇಲ್ಲಿಗೆ ಬಾ."

ಶುಕ್ರವಾರ ಕೆಲಸದಿಂದಲೇ ಬಂದಳು. ಒಂದು ಬ್ಯಾಗು, ಪಾಸ್‌ಪೋರ್ಟು. ಅವಳು ಒಳಗೆ ಬಂದು ಬಾಗಿಲು ಹಾಕಿದ ಮೇಲೆ ನಾನು ಫಾರ್ಮು ತುಂಬಿದೆ. ಹೌದು ಎಂದು ಹಾಕಿದೆ. ಕಾರಣ ಎಂಬಲ್ಲಿ, ಗಂಡ ಹೊಡೆದದ್ದರಿಂದ ಎಂದು ಬರೆದು ಕಳಿಸಿದೆ. ಅದರ ಪ್ರತಿ ಬುಕ್ಕಿಂಗಿನಲ್ಲಿರುವ ಎಲ್ಲರಿಗೂ ತಾನಾಗಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮಧು ಬಂದ. ಕರೆಂಟಿರಲಿಲ್ಲ, ಗಾಳಿ ಮನೆಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಮುಂಬಾಗಿಲು ಗುದ್ದಿದ. ತೆಗೆಯಲಿಲ್ಲ. ಹಿತ್ತಿಲಿಗೆ ಸುತ್ತಿ ಬಂದು, ಕರಿಬೇವಿನ ಕುಂಡ ಎತ್ತಿ ಗಾಜಿನ ಬಾಗಿಲಿಗೆ ಬೀಸಿದ. ಇಡೀ ಬಾಗಿಲು ಒಂದೇ ಸಲಕ್ಕೆ ಕಲ್ಲುಸಕ್ಕರೆಯಂತೆ ಚೂರುಚೂರಾಗಿ ಸುರಿಯಿತು. ಮಳೆ, ಗಾಳಿ, ಅವನು, ಮೂರೂ ಒಟ್ಟಿಗೆ ಒಳಗೆ ಬಂದವು.

"ಎಲ್ಲಿ ಅವಳು?"

"ಮಧು, ಕೂತ್ಕೊಂಡು ಮಾತಾಡೋಣ" ಎಂದು ಯಜಮಾನರು ಅಡ್ಡ ನಿಂತರು. ಯಾರ ಮೇಲೂ ದನಿ ಎತ್ತದ ಮನುಷ್ಯ. ಮಧು ಅವರ ಎದೆಗೆ ಎರಡೂ ಕೈಯಿಟ್ಟು ತಳ್ಳಿದ. ಹಣೆ ಅಡುಗೆಕಟ್ಟೆಯ ಅಂಚಿಗೆ ತಗುಲಿದ ಸದ್ದು ತೆಂಗಿನಕಾಯಿ ಒಡೆದ ಸದ್ದು. ಮುಖವೆಲ್ಲ ರಕ್ತವಾಗಿ ಅಲ್ಲೇ ಕುಸಿದರು. ನಾನು ಫೋನು ತೆಗೆದು ಒಂಬತ್ತು ಒಂದು ಒಂದು ಒತ್ತಿದೆ.

"ಯಾರು ಹೊಡೆಯುತ್ತಿರುವುದು? ನಿಮಗೆ ಅವನು ಏನಾಗಬೇಕು?" ಎಂದು ಆ ಕಡೆಯ ದನಿ ಕೇಳಿತು.

"ಮೈ ಬ್ರದರ್" ಎಂದೆ. ಹೆಸರು ಕೇಳಿದರು. ಅವನಿಗೆ ತೊಟ್ಟಿಲಲ್ಲಿ ಇಟ್ಟ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

"ಅಕ್ಕ! ಪೊಲೀಸಾ? ನನ್ ಮೇಲಾ? ನಾನು ನಿನ್ ತಮ್ಮ ಕಣೇ!"

ಅಷ್ಟರಲ್ಲಿ ಲತಾ ಕೋಣೆಯಿಂದ ತಾನೇ ಹೊರಗೆ ಬಂದಿದ್ದಳು, ಯಜಮಾನರ ಹಣೆಗೆ ಒತ್ತಲು ಟವೆಲು ಹಿಡಿದು. ಮಧು ಅವಳ ಜಡೆ ಹಿಡಿದು ಗಾಜಿನ ಚೂರುಗಳ ಮೇಲೆ ಎಳೆದ. ಬರಿಗಾಲು. ಅವಳು ಕೂಗಲಿಲ್ಲ, ಎರಡೂ ಕೈಯಿಂದ ಆ ಎಡಗಿವಿಯನ್ನು ಮುಚ್ಚಿಕೊಂಡಳು. ಕಟ್ಟೆಯ ಮೇಲೆ ಕುಕ್ಕರಿನ ಮುಚ್ಚಳ ಇತ್ತು. ಎತ್ತಿ ಅವನ ಮಣಿಕಟ್ಟಿನ ಮೇಲೆ ಬಲವಾಗಿ ಬಿಟ್ಟೆ. ಕಟ್ ಎಂದಿತು. ಜಡೆ ಬಿಟ್ಟು, ಕೈ ಎದೆಗವಚಿಕೊಂಡು, ಮಂಡಿಯೂರಿದ. ಅಲ್ಲಿಗೆ ಮುಗಿದಿತ್ತು. ಎರಡನೆಯದು ಬೇಕಿರಲಿಲ್ಲ. ಹೊಡೆದೆ. ಮೂರನೆಯದಕ್ಕೆ ಕೈ ಎತ್ತಿದಾಗ ಲತಾ ನನ್ನ ಕೈ ಹಿಡಿದಳು. "ಸಾಕು ಅಕ್ಕ. ಸಾಕು ಮಾರಾಯ್ರೆ." ಅವಳು ಹಿಡಿಯದಿದ್ದರೆ ನಾನು ನಿಲ್ಲುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಪೊಲೀಸರು ಬಂದು ಅವನನ್ನು ಕರೆದೊಯ್ದರು. ಕೋರ್ಟಿನಲ್ಲಿ ನಾನು ಎರಡು ಸಲ ಹೇಳಿಕೆ ಕೊಟ್ಟೆ, ಕುಕ್ಕರಿನ ಮುಚ್ಚಳದ್ದನ್ನೂ ಸೇರಿಸಿ. ಅವಳ ಹತ್ತಿರ ಸುಳಿಯಬಾರದೆಂದು ಅವನಿಗೆ ಆಜ್ಞೆಯಾಯಿತು. ಡಿವೋರ್ಸೂ ಆಯಿತು. ಅವನು ಈಗ ಬೇರೆ ರಾಜ್ಯದಲ್ಲಿದ್ದಾನೆ, ನನ್ನೊಂದಿಗೆ ಮಾತಿಲ್ಲ. ಲತಾಳ ಕಿವಿಗೆ ಆಪರೇಷನ್ನಾಯಿತು, ತಮಟೆ ಕೂಡಿಕೊಂಡಿತು. ಆದರೂ ಆ ಕಿವಿ ಸ್ವಲ್ಪ ಮಂದ. ಬಳಗದಲ್ಲಿ ಕೆಲವರು ನನ್ನನ್ನು ಕಂಡರೆ ಮಾತು ಬದಲಿಸುತ್ತಾರೆ. ಒಬ್ಬರಂತೂ ಗ್ರೋಸರಿ ಅಂಗಡಿಯಲ್ಲೇ ನಿಲ್ಲಿಸಿ, "ಎಷ್ಟೇ ಆಗಲಿ, ಒಡಹುಟ್ಟಿದವನು ಕಣ್ರೀ" ಎಂದರು. ಹೌದು ಎಂದೆ. ಒಡಹುಟ್ಟಿದವನೇ.

ಅದೆಲ್ಲ ಆಮೇಲಿನದು. ಆ ಶನಿವಾರ ಮಧ್ಯಾಹ್ನ ಯಜಮಾನರ ಹಣೆಗೆ ಹೊಲಿಗೆ ಹಾಕಿಸಿಕೊಂಡು ಮೂವರೂ ಮನೆಗೆ ಬಂದೆವು. ಲತಾಳ ಎರಡೂ ಪಾದಕ್ಕೆ ಬ್ಯಾಂಡೇಜು. ಯಜಮಾನರು ಬಾಗಿಲಿಲ್ಲದ ಜಾಗಕ್ಕೆ ಹಳೇ ಶವರ್ ಕರ್ಟನ್ನು ಮೊಳೆ ಹೊಡೆದು ಕಟ್ಟುತ್ತಿದ್ದರು. ಗಾಳಿಗೆ ಅದು ಉಬ್ಬಿ ಉಬ್ಬಿ ಅವರ ಮುಖಕ್ಕೇ ಬಡಿಯುತ್ತಿತ್ತು. ಆಗ ಫೋನು ಬಂತು. ರೆಸಾರ್ಟಿನ ಹೆಂಗಸು. ಫಾರ್ಮು ಓದಿದ್ದರು. ದನಿಯಲ್ಲಿ ಆ ಹಾಡು ಇರಲಿಲ್ಲ.

"ಮೇಡಂ, ಆಕೆ ಕ್ಷೇಮವೇ? ಯಾರ ಜೊತೆ ಇದ್ದಾರೆ?"

"ನನ್ನ ಜೊತೆ ಇದ್ದಾಳೆ. ಕ್ಷೇಮ."

"ಕಾಟೇಜು ಏನು ಮಾಡಲಿ? ರದ್ದು ಮಾಡಲೇ? ಕಿವಿ ವಾಸಿಯಾಗುವವರೆಗೆ ಅವರೊಬ್ಬರ ಹೆಸರಿನಲ್ಲಿ ಇಟ್ಟಿರಲೇ?"

ನನ್ನ ಬಾಯಿ ಆಗಲೇ ತೆರೆದಿತ್ತು. ರದ್ದು ಮಾಡಿ, ಅವಳಿಗೆ ಅದು ಸರಿಯಾದ ಜಾಗವಲ್ಲ, ಪೇಟೆಯ ಹತ್ತಿರ ಇನ್ನೊಂದಿದೆ, ಜನ ಇರುತ್ತಾರೆ, ಆಸ್ಪತ್ರೆ ಇದೆ, ನಾನೇ ವಿಚಾರಿಸುತ್ತೇನೆ ಎಂದು ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿತ್ತು. ಲತಾ ಕುರ್ಚಿಯಿಂದಲೇ ಕೈ ಚಾಚಿದಳು. ಅಂಗೈ ಮೇಲೆ ಮಾಡಿ ಕಾದಳು. ಫೋನು ಕೊಟ್ಟೆ. ಅದನ್ನು ಬಲಗಿವಿಗೆ ಇಟ್ಟುಕೊಂಡಳು.

"ಹಲೋ" ಎಂದಳು ಇಂಗ್ಲಿಷಿನಲ್ಲಿ. "ನಾನು ಲತಾ. ಬರಬೇಕಾಗಿದ್ದವಳು ನಾನು. ನಿಮ್ಮ ಜಾಗದ ಬಗ್ಗೆ ನನಗೆ ಕೆಲವು ಪ್ರಶ್ನೆಗಳಿವೆ."

ನಾನು ಪೊರಕೆ ತೆಗೆದುಕೊಂಡು ಹಿತ್ತಿಲ ಬದಿಗೆ ಹೋದೆ. ಗಾಜು ಗುಡಿಸುವುದು ಬಹಳ ಇತ್ತು. ಅವಳು ಏನೇನು ಕೇಳಿದಳು, ಕಡೆಗೆ ಏನೆಂದು ಹೇಳಿದಳು, ಅದು ನನ್ನವರೆಗೆ ಬರದಷ್ಟು ದೂರದಲ್ಲಿ ನಿಂತು ಗುಡಿಸಿದೆ.